ಹಳ್ಳದ ಪುಟ

ಸಂಪತ್,

ನೀನು ತೀರಿಕೊಂಡು ಎರಡು ವರ್ಷವಾಯಿತು, ಇದನ್ನು ಎಲ್ಲಿಗೂ ಕಳಿಸುವಂತಿಲ್ಲ. ಆದರೂ ಇವತ್ತು ನಡೆದದ್ದನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ನೀನು ಆರು ತಿಂಗಳು ಸರ್ವೆ ಮಾಡಿದ ಟ್ಯುನೀಷಿಯಾದ ಆ ಊರಿನಿಂದ ಸಾಮಿಯಾ ಎಂಬ ನಗರಸಭೆಯ ಇಂಜಿನಿಯರ್ ತರಬೇತಿಗೆಂದು ಸಿಂಗಾಪುರಕ್ಕೆ ಬಂದಿದ್ದಾಳೆ. ಮಧ್ಯಾಹ್ನ ಅವಳನ್ನು ಟೋವಾ ಪಾಯೋದ ಹಾಕರ್ ಸೆಂಟರಿಗೆ ಊಟಕ್ಕೆ ಕರೆದುಕೊಂಡು ಹೋಗಿದ್ದೆ. ಊರು ಈಗ ಎರಡರಷ್ಟಾಗಿದೆಯಂತೆ. ಖರ್ಜೂರ ಪ್ಯಾಕ್ ಮಾಡುವ ಕಾರ್ಖಾನೆಗಳು ಹೆಚ್ಚಿವೆ. ಆಲಿವ್ ತೋಟದ ಕೂಲಿ ಬಿಟ್ಟು ಗುಡ್ಡದ ಹಳ್ಳಿಗಳ ಹೆಂಗಸರೆಲ್ಲ ಅಲ್ಲಿಗೇ ಬಂದಿದ್ದಾರೆ. ಅವರಿಗಾಗಿ, ನಮ್ಮ ಕಂಪನಿ ಮಾಡಿಕೊಟ್ಟ ನಕ್ಷೆಯಲ್ಲಿದ್ದಂತೆಯೇ, ಒಣ ಹಳ್ಳದಲ್ಲಿ ಮನೆ ಕಟ್ಟಿದರು.

"ಈ ಒಂದು ಪೇಜ್ ಡಿಲೀಟ್ ಮಾಡ್ಬೇಡ ಕಣೆ ಜ್ಯೋತ್ಸ್ನಾ. ಮೂವತ್ತು ವರ್ಷಕ್ಕೊಂದ್ಸಲ ಆದ್ರೂ ಅಲ್ಲಿ ನೀರು ಬರತ್ತೆ, ಊರಿನ ಮುದುಕ್ರೆಲ್ಲ ಹೇಳಿದಾರೆ" ಎಂದು ನೀನು ನನ್ನ ಮೇಜಿನ ಪಕ್ಕ ನಿಂತು ಹೇಳಿದ್ದೆ. ಕ್ಲೈಂಟಿಗೆ ಆ ಜಾಗವೇ ಬೇಕಿತ್ತು. ನಾನು ವರದಿಯಿಂದ ಆ ಪುಟ ತೆಗೆದುಹಾಕಿದೆ, ನೀನು ಕೆಲಸ ಬಿಟ್ಟೆ. ಆಮೇಲೆ ನಾವು ಮಾತಾಡಲೇ ಇಲ್ಲ.

ಹೋದ ಸೆಪ್ಟೆಂಬರಿನಲ್ಲಿ ಗುಡ್ಡದ ಮೇಲೆ ಮಳೆಯಾಗಿ, ಹೆಂಗಸರು ಬೆಳಗಿನ ಪಾಳಿಗೆ ಹೋಗಿದ್ದ ಹೊತ್ತಿನಲ್ಲಿ ಹಳ್ಳ ಬಂತಂತೆ. ಮಕ್ಕಳಿನ್ನೂ ಮಲಗಿದ್ದರು. ಹತ್ತೊಂಬತ್ತು ಮಕ್ಕಳು ಹೋದರು, ಸಂಪತ್. ಅವರಲ್ಲಿ ಸಾಮಿಯಾಳ ಅಕ್ಕನ ಮಗಳೂ ಇದ್ದಳು.

ತಟ್ಟೆಯ ಅನ್ನ ಹಾಗೇ ಬಿಟ್ಟು ಅವಳು ಕೇಳಿದಳು: "ಸರ್ವೆ ಮಾಡಿದವರಲ್ಲಿ ಒಬ್ಬರಿಗೂ ಇದು ಗೊತ್ತಾಗಲಿಲ್ವಾ?"

"ಇಲ್ಲ, ಯಾರಿಗೂ ಗೊತ್ತಾಗಲಿಲ್ಲ" ಎಂದೆ.

ನಿನ್ನನ್ನೂ ಸೇರಿಸಿಯೇ ಹೇಳಿಬಿಟ್ಟೆ.

ಜ್ಯೋತ್ಸ್ನಾ