ಹಳೇ ಕಂಪ್ಯೂಟರಿನೊಳಗೆ ಅಪ್ಪನ ಮಾತು

ಖಾನಾಪುರ
ಬುಧವಾರ, ೧೯ ನವೆಂಬರ್ ೨೦೨೫

ಪ್ರೀತಿಯ ತಂಗಿ ಲಕ್ಷ್ಮೀಗೆ,

ನಿನ್ನ ಅಕ್ಕ ಪ್ರಮಿಳಾಳ ಆಶೀರ್ವಾದ. ನಾನು ಚೆನ್ನಾಗಿದ್ದೇನೆ. ನೀನು ಚೆನ್ನಾಗಿಲ್ಲ ಎಂಬುದು ನನಗೆ ಗೊತ್ತು, ಆದ್ದರಿಂದ ಕ್ಷೇಮ ಕೇಳುವ ಶಾಸ್ತ್ರ ಬಿಟ್ಟಿದ್ದೇನೆ. ಪಂಚಮಿ ಹಬ್ಬಕ್ಕೆ ಕಾಕತಿಗೆ ಬಂದು ಜಗಳಾಡಿ ಹೋದವಳು ನಾಲ್ಕು ತಿಂಗಳು ಒಂದು ಸಾಲು ಬರೆಯಲಿಲ್ಲ, ತಪ್ಪಾಯಿತು. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಅಣ್ಣನ ಮನೆಗೆ ಬರೆದರೆ ವೈನಿ ಒಡೆದು ಓದುತ್ತಾಳೆ. ಅದಕ್ಕೇ ನಮ್ಮ ಬಾಜೂ ಅಂಗಡಿಯ ಬಾಂಡ್ ರೈಟರ್ ಉಳವಪ್ಪ ಕಾಕಾನ ಕೈಯಲ್ಲಿ ಕೊಟ್ಟು, ಬೆಳಗಾವಿಯ ನಿನ್ನ ಫೌಂಡ್ರಿ ಗೇಟಿಗೇ ಕಳಿಸುತ್ತಿದ್ದೇನೆ. ಊಟದ ಬಿಡುವಿನಲ್ಲಿ ಒಬ್ಬಳೇ ಕೂತು ಓದು.

ಬರುವ ಸೋಮವಾರ ಸೋಮಲಿಂಗಣ್ಣ ನಿನ್ನನ್ನು ಸಬ್‌ರಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋಗುತ್ತಾನೆ. ಅಪ್ಪನ ಹೊಲದಲ್ಲಿ ನನಗೇನೂ ಬೇಡ ಎಂಬ ಪತ್ರಕ್ಕೆ ಸಹಿ ಹಾಕಿಸಿ, ಸೀರೆ ಕೊಟ್ಟು ಉಡಿ ತುಂಬಿಸುತ್ತಾನೆ. ಸಹಿ ಮಾಡಬೇಡ. ಇಷ್ಟು ಹೇಳಲಿಕ್ಕೇ ಈ ಕಾಗದ.

ತಾರೀಖು ನನಗೆ ಹೇಗೆ ಗೊತ್ತಾಯಿತು ಅನ್ನುತ್ತೀಯಾ? ಆ ಪತ್ರ ಟೈಪ್ ಮಾಡಿಸಲು ಅಣ್ಣ ಬಂದದ್ದು ನನ್ನ ಅಂಗಡಿಗೇ! "ಸೋಮವಾರಕ್ಕ ಬೇಕು, ನೀನ ಮಾಡಿಕೊಡು ಪ್ರಮಿಳಾ, ಮನ್ಯಾಗಿಂದು ಮನ್ಯಾಗ ಇರ್ಲಿ. ನಿಮ್ಮಿಬ್ಬರ ಹೆಸರೂ ಹಾಕು," ಎಂದ. ಎಂಥ ಧೈರ್ಯ ನೋಡು. ಇಪ್ಪತ್ತೆರಡು ವರ್ಷದಿಂದ ಈ ತಹಶೀಲ್ದಾರ ಕಚೇರಿ ಎದುರು ಕೂತು ಅದೆಷ್ಟು ಅಕ್ಕತಂಗಿಯರ ಹಕ್ಕು ಬಿಡುಗಡೆ ಪತ್ರ ಟೈಪ್ ಮಾಡಿದ್ದೇನೋ ಲೆಕ್ಕವಿಲ್ಲ. ಹಳೆಯ ಪತ್ರ ತೆರೆದು ಹೆಸರು, ಊರು, ಸರ್ವೆ ನಂಬರು ಬದಲಿಸಿದರೆ ಹತ್ತು ನಿಮಿಷದ ಕೆಲಸ. "ಸ್ವಸಂತೋಷದಿಂದ" ಎಂಬ ಶಬ್ದವನ್ನಂತೂ ಯಾವತ್ತೂ ಮುಟ್ಟಬೇಕಾಗಿಲ್ಲ. ಸಹಿ ಹಾಕಲು ಬಂದ ಹೆಣ್ಣುಮಕ್ಕಳ ಮುಖ ನೋಡಿದವಳು ನಾನು, ಸಂತೋಷ ಕಂಡದ್ದು ಕಡಿಮೆ. ಅವತ್ತು ಮೊದಲ ಸಲ ಗಿರಾಕಿಯನ್ನು ಎಬ್ಬಿಸಿ ಕಳಿಸಿದೆ. "ಬ್ಯಾರೆ ಕಡೆ ಮಾಡಸ್ಕೋ ಅಣ್ಣಾ. ನನ್ನ ಬಟ್ಟು ಅದಕ್ಕ ಏಳೂದಿಲ್ಲ," ಎಂದೆ. ಅವನು ಕುರ್ಚಿ ಒದ್ದು ಹೋದ. ಕುರ್ಚಿಗೇನೂ ಆಗಿಲ್ಲ.

ಪಂಚಮಿಯ ದಿನ ನಾನು ಹೇಳಿದ್ದು ಇದನ್ನೇ ಅಲ್ಲವೇ? ಅಪ್ಪ ತೀರಿಕೊಳ್ಳುವ ಮುಂಚೆ ನನ್ನ ಅಂಗಡಿಗೆ ಬಂದು ನಿನಗೆ ಹೊಲ ಕೊಡಬೇಕೆಂದು ಬರೆಸಿದ್ದ, ಅದು ನನ್ನ ಹಳೇ ಕಂಪ್ಯೂಟರಿನಲ್ಲಿದೆ ಎಂದೆ. ಅಣ್ಣ ನಕ್ಕ. "ಎಲ್ಲೈತಿ? ತೋರ್ಸು," ಎಂದ. ತೋರಿಸಲು ಅದು ಎರಡು ವರ್ಷದಿಂದ ಸತ್ತು ಮೂಲೆಯಲ್ಲಿ ಕೂತಿತ್ತು. ಆಗ ನೀನು, "ಅಕ್ಕಾ, ನನ್ನ ಸಲುವಾಗಿ ಸುಳ್ಳ ಹೇಳಬ್ಯಾಡ. ಖರೇ ಇದ್ರ ಒಂಬತ್ತು ವರ್ಷ ಯಾಕ ಬಾಯಿ ಮುಚ್ಚಿದ್ದಿ?" ಎಂದು ಕೇಳಿ ಒಳಗೆ ಹೋದೆ. ಅಣ್ಣನ ನಗು ನನಗೆ ಹತ್ತಲಿಲ್ಲ, ನಿನ್ನ ಮಾತು ಹತ್ತಿತು. ಈ ಡಬ್ಬಿಯನ್ನು ಎಬ್ಬಿಸಿಯೇ ತೀರುತ್ತೇನೆಂದು ಅವತ್ತೇ ಹಟ ಹಿಡಿದೆ.

ಮೊದಲು ಬೆಳಗಾವಿಯ ರವಿವಾರ ಪೇಟೆಯ ಹಿಂದಿನ ಗಲ್ಲಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ನಾಗಲಿಂಗನ ಹತ್ತಿರ ಒಯ್ದೆ. ಚಾದರದಲ್ಲಿ ಗಂಟು ಕಟ್ಟಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಬಾಜೂಕಿನ ಮುದುಕಿ ಗಂಟಿನಲ್ಲಿ ಏನಿದೆಯೆಂದು ಮರಾಠಿಯಲ್ಲಿ ಕೇಳಿದಳು. ನಮ್ಮಪ್ಪ ಇದ್ದಾನೆ ಎಂದು ನಾನೂ ಮರಾಠಿಯಲ್ಲೇ ಹೇಳಿದೆ. ಪೀರನವಾಡಿ ಬರುವತನಕ ಮುದುಕಿ ಸೀಟಿನ ತುದಿಯಲ್ಲೇ ಕೂತಿದ್ದಳು.

ನಾಗಲಿಂಗ ಗುಂಡಿ ಒತ್ತಿದ. ಫ್ಯಾನು ತಿರುಗಿತು, ಪರದೆ ಕಪ್ಪಗೇ ಉಳಿಯಿತು, ಒಳಗಿಂದ ಕೂಂ ಕೂಂ ಎಂದು ಒಂದೇ ಸಮನೆ ಕೂಗತೊಡಗಿತು. "ಅಕ್ಕಾರ, ಮದರ್‌ಬೋರ್ಡ್ ಹೋಗೇತ್ರಿ. ಗುಜರಿಗೆ ಹಾಕ್ರಿ, ಹೊಸಾದು ಕೊಡ್ತೇನಿ," ಎಂದ. ಒಳಗೆ ನಮ್ಮಪ್ಪನ ಕಾಗದ ಇದೆ ಎಂದೆ. ಪಾಪ, ಹಾರ್ಡ್ ಡಿಸ್ಕ್ ಬಿಚ್ಚಿ ತನ್ನ ಮಶೀನಿಗೆ ಹಚ್ಚಿ ನೋಡಿದ. ಕಡತ ತೆರೆಯಿತು, ಆದರೆ ಒಂದಕ್ಷರವೂ ಕನ್ನಡವಲ್ಲ, ಎಲ್ಲ ಸೊಟ್ಟಪಟ್ಟ ಗೆರೆ. ಆ ಕಾಲದ ಕನ್ನಡ ಅಕ್ಷರ ಆ ಹಳೇ ಮಶೀನಿನಲ್ಲೇ ಕಾಣಬೇಕಂತೆ. "ಮುಗೀತ್ರಿ ಇದರ ಕಥಿ," ಎಂದು ಕೈ ಒರೆಸಿಕೊಂಡ. ಮುಗಿಯಿತೋ ಇಲ್ಲವೋ ನಾನು ಹೇಳುತ್ತೇನೆಂದು ಡಿಸ್ಕ್ ಮತ್ತೆ ಒಳಗೆ ಕೂರಿಸಿಕೊಂಡು ವಾಪಸು ತಂದೆ.

ಮರುದಿನ ಉಳವಪ್ಪ ಕಾಕಾನನ್ನು ಕೂರಿಸಿಕೊಂಡು ನಾನೇ ಬಿಚ್ಚಿದೆ. ಲಕ್ಷ್ಮೀ, ಒಳಗೆಲ್ಲ ಹಳದಿ! ಪ್ರತಿ ವರ್ಷ ದಸರೆಯ ಖಂಡೇ ಪೂಜೆಗೆ ನಮ್ಮ ಕುರಿಗಾರರ ಪದ್ಧತಿಯಂತೆ ಬೀರಪ್ಪನ ಹೆಸರು ಹೇಳಿ ಮುಷ್ಟಿ ತುಂಬ ಅರಿಸಿನದ ಭಂಡಾರ ತೂರುತ್ತಿದ್ದೆನಲ್ಲ, ಫ್ಯಾನು ಅದನ್ನೆಲ್ಲ ಭಕ್ತಿಯಿಂದ ಒಳಗೆ ಎಳೆದುಕೊಂಡಿದೆ. ಕೆಟ್ಟುಹೋದ ಮೇಲೂ ಪೂಜೆ ಬಿಟ್ಟಿರಲಿಲ್ಲ ನಾನು. ಕಾಕಾ ಇಣುಕಿ ನೋಡಿ, "ಇದು ಕಂಪ್ಯೂಟರ್ ಅಲ್ಲ ತಂಗಿ, ಬೀರಪ್ಪನ ಗುಡಿ ಐತಿ. ಕೈ ಮುಗದು ಮುಚ್ಚು," ಎಂದ. ನಗುತ್ತಲೇ ನನಗೆ ಸಿಟ್ಟು ಬಂತು. ನನ್ನ ಅರಿಸಿನವೇ ಅಪ್ಪನ ಬಾಯಿ ಕಟ್ಟಿದ್ದರೆ ಅದನ್ನು ಬಿಡಿಸಬೇಕಾದವಳೂ ನಾನೇ.

ಮೊದಲಿನ ಟೈಪ್‌ರೈಟರಿನ ಅಕ್ಷರ ತಿಕ್ಕುತ್ತಿದ್ದ ಬ್ರಶ್ ಇನ್ನೂ ಇತ್ತು. ಅದರಿಂದ ಫ್ಯಾನು, ಮೂಲೆಮುಡುಕು ಎಲ್ಲ ಝಾಡಿಸಿದೆ. ಬೆರಳುದ್ದದ ರ್‍ಯಾಮ್ ಪಟ್ಟಿ ಕಿತ್ತು, ಅದರ ಬಂಗಾರ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಉಜ್ಜಿ ಹೊಳೆಯಿಸಿ, ಟಕ್ ಎನ್ನುವವರೆಗೆ ಒತ್ತಿ ಕೂರಿಸಿದೆ. ಗುಂಡಿ ಒತ್ತಿದೆ. ಕೂಗು ನಿಂತಿತು! ಆದರೆ ಪರದೆಯ ಮೇಲೆ ತಾರೀಖು ತಪ್ಪಾಗಿದೆ ಎಂಬ ತಕರಾರು. ಗಡಿಯಾರದಂಗಡಿಯಿಂದ ನಾಣ್ಯದಂಥ ಬ್ಯಾಟರಿ ತಂದು ಹಾಕಿದೆ. ಆಮೇಲೆ ನೀಲಿ ಪರದೆ ಬರುವುದು, ತಾನೇ ಆರುವುದು, ಮತ್ತೆ ಹತ್ತುವುದು. ಹನ್ನೊಂದು ಸಲ ಹೀಗಾಯಿತು. "ಬಿಡ ತಂಗಿ, ಅದಕ್ಕೂ ವಯಸ್ಸಾಗೇತಿ," ಎಂದ ಕಾಕಾ. "ನಿಮಗೂ ಆಗೇತಿ, ನಿಮ್ಮನ್ನ ಯಾರರ ಗುಜರಿಗೆ ಹಾಕ್ಯಾರೇನ್ರೀ?" ಎಂದೆ. ಅವನು ಚಹಾ ತರಿಸಿದ. ಹನ್ನೆರಡನೆಯ ಸಲ, ಶುರುವಾಗುವ ಹೊತ್ತಿಗೆ ಮೇಲಿನ ಸಾಲಿನ ಎಂಟನೆಯ ಗುಂಡಿಯನ್ನು ಬಡಿಯುತ್ತಲೇ ಇದ್ದೆ. ಸೇಫ್ ಮೋಡ್ ಅನ್ನುತ್ತಾರಲ್ಲ, ಹಾಗೆ ದೊಡ್ಡ ದೊಡ್ಡ ಅಕ್ಷರದ ಪರದೆ ಬಂದು ನಿಂತಿತು. ಆ ಕಡತಕ್ಕೆ ಗಿರಾಕಿಯ ಊರಿನ ಹೆಸರು ಕೊಡದೆ "ಅಪ್ಪ" ಎಂದು ಇಟ್ಟಿದ್ದೆ, ಹಾಗಾಗಿ ಅದರ ಮೇಲೆ ಬೇರೆ ಯಾರ ಪತ್ರವೂ ಕೂತಿರಲಿಲ್ಲ. ತೆರೆದೆ. ಕನ್ನಡ ಕನ್ನಡವಾಗಿಯೇ ಇತ್ತು.

ನಾನು ಕಚೇರಿ ಭಾಷೆಗೆ ತಿದ್ದಿರಲಿಲ್ಲ, ಅಪ್ಪ ಹೇಳಿದ ಹಾಗೇ ಬಡಿದಿದ್ದೆ. ಓದು: "ನಾನು ಕಾಕತಿ ಬಂಡೆಪ್ಪ, ಬುದ್ಧಿ ನೆಟ್ಟಗಿದ್ದಾಗ ಬರೆಸಿದ್ದು. ಹಳ್ಳದ ಬಾಜೂಕಿನ ಇಪ್ಪತ್ತು ಗುಂಟಿ ಮತ್ತ ಹಿತ್ತಲ ಕೋಲಿ ನನ್ನ ಸಣ್ಣ ಮಗಳು ಲಕ್ಷ್ಮೀದು. ಗಂಡ ಬಿಟ್ಟಮ್ಯಾಗ ಆಕಿ ನನ್ನ ಕೂಡ ಮಳಿ ಬಿಸಲಾಗ ಕುರಿ ಕಾದಾಳ. ಸೋಮಲಿಂಗ ಅಡ್ಡ ಬರಬಾರದು. ಆಕಿ ಯಾರ ಮುಂದನೂ ಕೈ ಒಡ್ಡಬಾರದು."

ನಾನು ಅತ್ತೆ. ಕಾಕಾನೂ ಕನ್ನಡಕ ತೆಗೆದು ಒರೆಸಿಕೊಂಡ.

ವಕೀಲರನ್ನು ಕೇಳಿದೆ. ಸಹಿಯಿಲ್ಲದ ಈ ಬರಹ ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂದರು. ನಿಲ್ಲದಿದ್ದರೆ ಬೇಡ. ಇದು ಕೋರ್ಟಿಗಾಗಿ ಅಲ್ಲ, ಅಪ್ಪ ನನ್ನನ್ನು ಮರೆತೇಬಿಟ್ಟ ಎಂದು ಒಂಬತ್ತು ವರ್ಷ ಕೊರಗಿದ ನಿನಗಾಗಿ. ಮಗಳ ಪಾಲು ಕಾಯ್ದೆಯಲ್ಲೇ ಇದೆ, ನೀವು ಬಿಟ್ಟುಕೊಡುವವರೆಗೆ ಯಾರೂ ಕಿತ್ತುಕೊಳ್ಳಲಾರರು ಎಂದೂ ವಕೀಲರು ಹೇಳಿದ್ದಾರೆ. ನಾನೂ ಸಹಿ ಮಾಡುವುದಿಲ್ಲ. ಅಣ್ಣ ಹಿತ್ತಲ ಕೋಣೆಯಿಂದ ಹೊರಗೆ ಹಾಕುತ್ತಾನೆಂದು ನಿನಗೆ ಹೆದರಿಕೆ. ಹಾಕಲಿ ನೋಡೋಣ! ಅಂಗಡಿಯ ಮೇಲಿನ ಕೋಣೆ ಗುಡಿಸಿ ಸಾರಿಸಿ ಇಟ್ಟಿದ್ದೇನೆ. ಖಾನಾಪುರದಿಂದ ಫೌಂಡ್ರಿಗೆ ಬೆಳಗಿನ ಬಸ್ಸಿದೆ. ಊರವರು ತವರು ಮುರಿದವರು ಎಂದು ಆಡಿಕೊಂಡರೆ ಆಡಿಕೊಳ್ಳಲಿ, ನನಗೆ ಎರಡು ಕಿವಿ ಇವೆ.

ಅವ್ವನ ಹೊಟ್ಟೆ ತಣ್ಣಗಿರಲಿ, ಬೀರಪ್ಪ ನಿನ್ನ ಬೆನ್ನಿಗಿರಲಿ. ತಲೆ ಎತ್ತಿ ನಡೆ, ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಕ್ಕ,
ಪ್ರಮಿಳಾ

ತಾ.ಕ.: ಪರದೆಯ ಫೋಟೋ ತೆಗೆದು ಪ್ರಿಂಟ್ ಹಾಕಿ ಲಕೋಟೆಯಲ್ಲಿಟ್ಟಿದ್ದೇನೆ. ಅದರಲ್ಲಿ ಕಡೆಗೆ ಒಂದು ಸಾಲು ಇದೆ, ನಾನು ಮೇಲೆ ಇಳಿಸಲಿಲ್ಲ. ನೀನು ಓದುವ ಮೊದಲು ನಾನೇ ಹೇಳುತ್ತೇನೆ: "ಪ್ರಮಿಳಾ ಗಟ್ಟಿ ಅದಾಳ, ಆಕೀಗೆ ಏನೂ ಬ್ಯಾಡ." ಗಟ್ಟಿ ಇದ್ದವಳನ್ನು ಬೇಕೇನವ್ವಾ ಎಂದು ಒಂದು ಮಾತು ಕೇಳಲಿಲ್ಲ ಲಕ್ಷ್ಮೀ. ಆ ಸಾಲನ್ನು ನನ್ನ ಕೈಯಿಂದಲೇ ಟೈಪ್ ಮಾಡಿಸಿದ. ಅವತ್ತು ಶುಕ್ರವಾರ. ಪ್ರಿಂಟರ್ ಚೆನ್ನಾಗಿತ್ತು, ಕಾಗದವೂ ಇತ್ತು. ಕೆಟ್ಟಿದೆ ಅಪ್ಪಾ, ಸೋಮವಾರ ಬಂದು ಸಹಿ ಹಾಕು ಎಂದೆ. ಅವನು ಒಂದು ತಾಸು ಬಾಕಿನ ಮೇಲೆ ಕೂತು, ಕಂಬಳಿ ಹೆಗಲಿಗೆ ಹಾಕಿಕೊಂಡು ಹೋದ. ರವಿವಾರ ತೀರಿಕೊಂಡ. ಒಂಬತ್ತು ವರ್ಷ ಯಾಕೆ ಬಾಯಿ ಮುಚ್ಚಿದ್ದೆ ಎಂದು ಕೇಳಿದೆಯಲ್ಲ, ಇದಕ್ಕೆ. ನಿನಗೆ ಸಿಟ್ಟು ಬಂದರೆ ಅಂಗಡಿಗೇ ಬಂದು ಎಲ್ಲರ ಎದುರು ನನ್ನ ಕಪಾಳಕ್ಕೆ ಹೊಡಿ, ನಾನು ಕೈ ಅಡ್ಡ ತರುವುದಿಲ್ಲ. ಆದರೆ ಆ ಸಿಟ್ಟಿನಲ್ಲಿ ಹೋಗಿ ಸಹಿ ಮಾತ್ರ ಮಾಡಬೇಡ.