ಕೂಗುವ ಡಬ್ಬಿಯ ಸಣ್ಣಪುಟ್ಟ ರಿಪೇರಿ

ಇಳಕಲ್
೯ ನವೆಂಬರ್ ೨೦೨೫, ಭಾನುವಾರ

ದೀಪಕ,

ಮದುವೆಯಾದ ಏಳು ವರ್ಷವೂ ನಿನ್ನನ್ನು ‘ನೀವು’ ಎಂದೇ ಕರೆದಿದ್ದೇನೆ. ಈ ಪತ್ರದಲ್ಲಿ ಅದು ಬರುತ್ತಿಲ್ಲ, ಬರಿಸಿಕೊಳ್ಳುವ ಮನಸ್ಸೂ ಇಲ್ಲ. ಆದರೂ ಪತ್ರವೆಂದರೆ ಮೊದಲು ಆರೋಗ್ಯ ಕೇಳಬೇಕು ಎಂದು ಅವ್ವ ಕಲಿಸಿದ್ದಾಳೆ. ನಿನ್ನ ಎದೆಯುರಿ ಹೇಗಿದೆ? ಪುಣೆಯಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಊಟ ಮಾಡುತ್ತೀಯಂತೆ. ಮಧ್ಯಾಹ್ನ ಮಜ್ಜಿಗೆಗೆ ಜೀರಿಗೆ ಪುಡಿ ಹಾಕಿಕೊಂಡು ಕುಡಿ. ಇದನ್ನು ಮಮತೆಯಿಂದ ಬರೆಯುತ್ತಿಲ್ಲ. ಕೊನೆಯ ಸಾಲಿನತನಕ ಓದುವಷ್ಟು ನೀನು ಗಟ್ಟಿಯಾಗಿರಬೇಕು, ಅದಕ್ಕೆ. ಇಲ್ಲಿ ನಾನು ಆರಾಮವಾಗಿದ್ದೇನೆ. ಅವ್ವನಿಗೆ ಮಂಡಿನೋವು ಇದ್ದದ್ದೇ. ದೀಪಾವಳಿ ಮುಗಿದರೂ ಅಂಗಡಿಗೆ ಜನ ಬರುತ್ತಿದ್ದಾರೆ. ಗುಳೇದಗುಡ್ಡದಿಂದ ಕುಬಸದ ಖಣದ ಹೊಸ ಗಂಟು ಬಂದಿದೆ, ಗಿಳಿಹಸಿರು ಮೂರೇ ದಿನಕ್ಕೆ ಖಾಲಿಯಾಯಿತು. ನಿನ್ನ ಬಗ್ಗೆ ಅವ್ವ ಏನೂ ಕೇಳುವುದಿಲ್ಲ. ನಿನ್ನ ಫೋಟೋವನ್ನು ಗೋಡೆಯಿಂದ ತೆಗೆದವಳೂ ಅವಳೇ, ನಾನಲ್ಲ.

ಈಗ ಬರೆಯುವುದರಲ್ಲಿ ಮುಕ್ಕಾಲು ಪಾಲು ನಿನಗೆ ಗೊತ್ತು. ಆದರೆ ನೀನು ಅದನ್ನೇ ಬೇರೆ ಥರ ಹೇಳಿಕೊಂಡು ತಿರುಗುತ್ತಿದ್ದೀಯ. ಹಾಗಾಗಿ ಒಮ್ಮೆಯಾದರೂ ನಡೆದದ್ದು ನಡೆದ ಹಾಗೆ ಕಾಗದದ ಮೇಲೆ ಇರಲಿ. ಮದುವೆಯಾದ ಹೊಸದರಲ್ಲಿ ನೀನು ಆ ದೊಡ್ಡ ಕಂಪನಿಯ ಪರವಾಗಿ ಇಳಕಲ್, ಹುನಗುಂದ, ಬಾದಾಮಿಯ ಅಂಗಡಿಗಳಲ್ಲಿ ಕೂಗುವ ಡಬ್ಬಿ ಕೂಡಿಸುತ್ತಿದ್ದೆ. ಗಿರಾಕಿ ಫೋನಿನಿಂದ ದುಡ್ಡು ಹಾಕಿದರೆ ‘ಇಷ್ಟು ರೂಪಾಯಿ’ ಎಂದು ಜೋರಾಗಿ ಹೇಳುವ, ಅಂಗೈಯಗಲದ ಡಬ್ಬಿ. ಮೊದಲನೆಯದನ್ನು ನಮ್ಮ ಅಂಗಡಿಯಲ್ಲೇ ಇಟ್ಟೆ. ವಾರಕ್ಕೆ ಹತ್ತು ಮಂದಿ ಡಬ್ಬಿ ವಾಪಸ್ಸು ಕೊಡುತ್ತಿದ್ದರು. ನೀನು ಮುಖ ಸಣ್ಣದು ಮಾಡಿಕೊಂಡು ಮನೆಗೆ ಬರುತ್ತಿದ್ದೆ, ನಾನು ಬಿಸಿ ರೊಟ್ಟಿ ಬಡಿಯುತ್ತ ನಿನ್ನ ಗೋಳು ಕೇಳುತ್ತಿದ್ದೆ. ಒಂದು ದಿನ ಅಂದೆ, ನಮ್ಮ ಓಣಿಯಲ್ಲಿ ಮಗ್ಗದ ಸದ್ದಿನೊಳಗೆ ಡಬ್ಬಿಯ ಮೊದಲ ಮಾತು ಯಾರಿಗೂ ಕೇಳುವುದಿಲ್ಲ, ಕೊನೆಯದಷ್ಟೇ ಕೇಳುತ್ತದೆ. ಮಾತಿಗೆ ಮುಂಚೆ ಒಂದು ಗಂಟೆ ಬಾರಿಸಿದರೆ ಕಿವಿ ಆ ಕಡೆ ತಿರುಗುತ್ತದೆ, ಆಮೇಲೆ ಮೊತ್ತ ಹೇಳಲಿ. ನೀನು ನಕ್ಕೆ. ಮರುದಿನ ಅದನ್ನೇ ಕಂಪನಿಗೆ ಬರೆದೆ. ಎರಡು ತಿಂಗಳಿಗೆ ಗಂಟೆ ಬಂತು.

ಅಲ್ಲಿಂದ ನಾನು ಒಂದು ವಹಿ ಇಟ್ಟೆ. ನೀನು ಬೈಕಿನ ಹಿಂದೆ ಕೂಡಿಸಿಕೊಂಡು ಹೋದ ಕಡೆಯೆಲ್ಲ ನಾನು ಅಂಗಡಿಯ ಮೂಲೆಯಲ್ಲಿ ಸುಮ್ಮನೆ ನಿಂತು ನೋಡುತ್ತಿದ್ದೆ, ಬಂದು ತಾರೀಖು ಹಾಕಿ ಬರೆಯುತ್ತಿದ್ದೆ. ಬಾದಾಮಿಯಲ್ಲಿ ಗುಹೆಗಳ ಕೆಳಗೆ ಎಳನೀರು ಮಾರುವ ಕಲ್ಲಪ್ಪನ ಡಬ್ಬಿಯನ್ನು ಮಂಗ ಎತ್ತಿಕೊಂಡು ಬಂಡೆ ಹತ್ತಿತ್ತು. ಅದು ಮೇಲೆ ಕೂತಿದೆ, ಕೈಯಲ್ಲಿ ಡಬ್ಬಿ ‘ನಲವತ್ತು ರೂಪಾಯಿ’ ಎನ್ನುತ್ತಿದೆ, ಕಲ್ಲಪ್ಪ ಕೆಳಗೆ ನಿಂತು ಕೈ ಮುಗಿಯುತ್ತಿದ್ದಾನೆ. ನಾವಿಬ್ಬರೂ ಅವತ್ತು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಡಬ್ಬಿಯ ಬೆನ್ನಿಗೆ ಒಂದು ಕೊಂಡಿ ಇದ್ದರೆ ತಂತಿಯಿಂದ ಕಟ್ಟಬಹುದಲ್ಲ ಎಂದು ಬರೆದುಕೊಂಡವಳು ನಾನು. ಇಳಕಲ್ ಬಸ್‌ಸ್ಟ್ಯಾಂಡಿನ ಹತ್ತಿರ ಕಲಾದಗಿಯ ಚಿಕ್ಕು, ದಾಳಿಂಬೆ ಮಾರುವ ಮರೆವ್ವನಿಗೆ ಓದಲು ಬರುವುದಿಲ್ಲ. ಗದ್ದಲದಲ್ಲಿ ಕೇಳದಿದ್ದರೆ ಇನ್ನೊಮ್ಮೆ ಹೇಳಿಸಲು ಒಂದು ಗುಂಡಿ ಬೇಕು ಎಂದವಳು ನಾನು. ‘ಸ್ವೀಕರಿಸಲಾಗಿದೆ’ ಎಂದರೆ ಮರೆವ್ವ ‘ಯಾರಿಗೆ ಏನಾತವ್ವ?’ ಎಂದು ಗಾಬರಿಯಾಗುತ್ತಾಳೆ, ಅದನ್ನು ‘ಬಂತು’ ಎಂದು ಮಾಡಿ ಎಂದವಳೂ ನಾನೇ.

ನೀನು ಆಗ ಊಟಕ್ಕೆ ಕೂತು ಹೇಳುತ್ತಿದ್ದೆ: “ಇದೇನ್ ದೊಡ್ಡ ಶೋಧ ಅಲ್ಲ ಅನು. ಸಣ್ಣಪುಟ್ಟ ರಿಪೇರಿ. ಆದ್ರ ದೊಡ್ಡ ಕಂಪನಿ ಬದಕೂದ ಹಿಂಗ. ಮಂದಿ ಇದನ್ನ ಬಿಟ್ಟು ಬ್ಯಾರೇದ್ ತಗೋಬೇಕಂತ ಮನಸ್ ಮಾಡೂದ್ರಾಗ ನಾವು ಒಂದು ಕಿರಿಕಿರಿ ಕಡಿಮಿ ಮಾಡಿರ್ತೀವಿ. ಮತ್ತ ಮೂರು ತಿಂಗಳು ನಿಂದರ್ತಾರ. ಹಂಗ ಮೂರು ಮೂರು ತಿಂಗಳು ಅನಕೋತ ಇಪ್ಪತ್ತು ವರ್ಷ.” ಆ ಮಾತು ಖರೆ ಎಂದು ನನಗೆ ಆಗಲೂ ಅನಿಸಿತ್ತು, ಈಗಲೂ ಅನಿಸುತ್ತದೆ. ನೀನು ಮೇಲೇರಿದ್ದೂ ಹಾಗೆಯೇ. ಇಳಕಲ್‌ನಿಂದ ಬಾಗಲಕೋಟೆ, ಅಲ್ಲಿಂದ ಹುಬ್ಬಳ್ಳಿ, ಅಲ್ಲಿಂದ ಪುಣೆ. ನನ್ನ ವಹಿಯ ಒಂದೊಂದು ಪುಟ ನಿನಗೆ ಒಂದೊಂದು ಮೆಟ್ಟಿಲು. ನನಗೆ ಬೇಸರವಿರಲಿಲ್ಲ. ಗಂಡನ ಕೆಲಸ ಬೇರೆ, ನನ್ನದು ಬೇರೆ ಎಂದು ನಾನು ತಿಳಿದಿರಲಿಲ್ಲ.

ಕಳೆದ ವರ್ಷ ಮಾರ್ಚಿನಲ್ಲಿ ಕಂಪನಿ ನಿನಗೆ ಸನ್ಮಾನ ಇಟ್ಟುಕೊಂಡಿತು. ನಾನು ಇಳಕಲ್ ಸೀರೆ ಉಟ್ಟು ಪುಣೆಗೆ ಬಂದೆ, ನೀನು ಕರೆದಿರಲಿಲ್ಲ, ಆದರೂ ಬಂದೆ. ವೇದಿಕೆಯ ಮೇಲೆ ನೀನು ಹತ್ತು ಸುಧಾರಣೆಗಳ ಪಟ್ಟಿ ಓದಿದೆ. ಗಂಟೆ, ಕೊಂಡಿ, ಗುಂಡಿ, ‘ಬಂತು’, ಎಲ್ಲವೂ. ‘ಸಂತೆ ಸಂತೆ ಸುತ್ತಿ ನಾನೊಬ್ಬನೇ ಕಲಿತದ್ದು’ ಎಂದೆ. ಅಷ್ಟಕ್ಕೇ ಬಿಟ್ಟಿದ್ದರೆ ನಾನು ನುಂಗಿಕೊಳ್ಳುತ್ತಿದ್ದೆನೇನೋ. ಊಟದ ಹೊತ್ತಿಗೆ ನಿನ್ನ ಸಾಹೇಬರು ಕನ್ನಡದಲ್ಲೇ ನನ್ನನ್ನು ಕೇಳಿದರು, ನೀವೂ ಇವರ ಜೊತೆ ತಿರುಗುತ್ತಿದ್ದಿರಾ ಎಂದು. ನಾನು ಬಾಯಿ ತೆರೆಯುವುದರೊಳಗೆ ನೀನು ನಕ್ಕುಬಿಟ್ಟೆ: “ಅಕೀಗೇನ್ ತಿಳಿತದ್ರೀ ಇದೆಲ್ಲ. ಊರಾಗ ಅವ್ವನ ಅಂಗಡ್ಯಾಗ ಕುಂತು ಖಣ ಹರೀತಾಳ.” ಎಲ್ಲರೂ ನಕ್ಕರು. ಕೈಯಲ್ಲಿ ತಟ್ಟೆ ಇತ್ತು, ಅದನ್ನು ಕೆಳಗಿಡಲು ಜಾಗ ಹುಡುಕುತ್ತ ನಾನೂ ನಕ್ಕೆ. ನಾನು ನಕ್ಕದ್ದನ್ನು ನಾನು ಇನ್ನೂ ಕ್ಷಮಿಸಿಲ್ಲ, ದೀಪಕ.

ನಾನು ಊರಿಗೆ ಬಂದಮೇಲೆ ನೀನು ಫೋನ್ ಮಾಡುವುದು ನಿಲ್ಲಿಸಿದೆ. ಬೇರೆ ಮನೆ ಮಾಡಿದ್ದೀಯ, ಒಬ್ಬನೇ ಇಲ್ಲ ಎಂಬುದೂ ಕಿವಿಗೆ ಬಿತ್ತು. ಆದರೆ ಮೂರು ತಿಂಗಳಿಗೊಮ್ಮೆ, ನಿನ್ನ ವರದಿ ಕೊಡುವ ದಿನ ಹತ್ತಿರ ಬಂದಾಗ, ತಪ್ಪದೆ ಒಂದು ಕರೆ: “ಹೊಸಾದೇನರ ಕಣ್ಣಿಗೆ ಬಿತ್ತೇನು?” ಊಟ ಆಯಿತೇ ಎಂದಿಲ್ಲ, ಅವ್ವ ಹೇಗಿದ್ದಾಳೆ ಎಂದಿಲ್ಲ. ಮೊದಲ ಸಲ ಏನಿಲ್ಲ ಅಂದೆ. ಎರಡನೇ, ಮೂರನೇ ಸಲವೂ ಏನಿಲ್ಲ ಅಂದೆ. ನಿನ್ನ ದನಿಯಲ್ಲಿ ಹೆದರಿಕೆ ಕೇಳಿಸಿತು. ಅದರ ರುಚಿ ಎಂಥದು ಎಂದು ನಿನಗೆ ಹೇಗೆ ಹೇಳಲಿ! ಅವತ್ತು ನಾನು ಎರಡು ರೊಟ್ಟಿ ಹೆಚ್ಚು ತಿಂದೆ. ನಾಲ್ಕನೇ ಸಲ, ಈ ವರ್ಷ ಫೆಬ್ರುವರಿಯಲ್ಲಿ, ನಿನಗೊಂದು ಕೊಟ್ಟೆ. ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಡಬ್ಬಿ ಆ ದಿನದ ಒಟ್ಟು ವ್ಯಾಪಾರವನ್ನು ತಾನಾಗಿ ಕೂಗಿ ಹೇಳಿದರೆ ಎಲ್ಲರಿಗೂ ಅನುಕೂಲ ಎಂದೆ. ಅದು ಕೆಟ್ಟ ಸಲಹೆ ಎಂದು ನನಗೆ ಗೊತ್ತಿತ್ತು. ದಿನದ ವ್ಯಾಪಾರವನ್ನು ಸಂತೆಗೆಲ್ಲ ಕೇಳುವಂತೆ ಕೂಗುವುದನ್ನು ಯಾವ ವ್ಯಾಪಾರಿ ಸಹಿಸುತ್ತಾನೆ? ಜನ ರೇಗಲಿ, ಕಂಪನಿಗೆ ಬೈಗುಳ ಹೋಗಲಿ, ನಿನ್ನ ಮುಖ ಎಲ್ಲರೆದುರು ಕೆಂಪಗಾಗಲಿ ಎಂಬುದಷ್ಟೇ ನನ್ನ ಲೆಕ್ಕ. ಹಳೆಯ ದೀಪಕನಾಗಿದ್ದರೆ ಒಂದು ಸಂಜೆ ಬಸ್‌ಸ್ಟ್ಯಾಂಡಿಗೆ ಬಂದು ನಿಂತು ನೋಡಿ, ಇದು ಬೇಡ ಎನ್ನುತ್ತಿದ್ದ. ನೀನು ಬರಲಿಲ್ಲ. ಯಾರನ್ನೂ ಕೇಳದೆ ನಿನ್ನ ಹೆಸರು ಹಾಕಿ ಕಳಿಸಿದೆ.

ಮೇ ತಿಂಗಳಲ್ಲಿ ಡಬ್ಬಿಗಳು ದಿನದ ಒಟ್ಟು ಮೊತ್ತ ಕೂಗತೊಡಗಿದವು. ಮೂರನೆಯ ದಿನ ಮರೆವ್ವನ ಗಂಡ ಗಾಡಿಯ ಹತ್ತಿರ ನಿಂತಿದ್ದ. ಅವನು ಕುಡಿಯುವವನು. ಮಗಳ ನರ್ಸಿಂಗ್ ಓದಿಗೆಂದು ಮರೆವ್ವ ದಿನವೂ ಒಂದಿಷ್ಟು ಮುಚ್ಚಿಡುತ್ತಿದ್ದಳು, ವ್ಯಾಪಾರ ಅರ್ಧದಷ್ಟೇ ಎಂದು ಅವನಿಗೆ ಹೇಳುತ್ತಿದ್ದಳು. ಡಬ್ಬಿ ಎಲ್ಲರೆದುರು ಪೂರ್ತಿ ಹೇಳಿತು. ಅವನು ತಕ್ಕಡಿಯ ದಂಡ ಕಿತ್ತುಕೊಂಡು ಹೊಡೆದ. ತಡೆಯಲು ಎತ್ತಿದ ಬಲ ಮುಂಗೈ ಮುರಿಯಿತು. ಅಂಗಡಿಯಿಂದ ಓಡಿಹೋಗಿ ಅವಳನ್ನು ದವಾಖಾನೆಗೆ ಕರೆದುಕೊಂಡು ಹೋದವಳು ನಾನು. ಪ್ಲಾಸ್ಟರ್ ಹಾಕಿಸಿ ಹೊರಗಿನ ಬೆಂಚಿನ ಮೇಲೆ ಕೂಡಿಸಿ, ಎಲ್ಲವನ್ನೂ ಹೇಳಿದೆ. ನಿನ್ನ ಬಗ್ಗೆ, ಪುಣೆಯ ಊಟದ ಬಗ್ಗೆ, ನಾನು ಬೇಕೆಂದೇ ಕೊಟ್ಟ ಸಲಹೆಯ ಬಗ್ಗೆ. ಅವಳು ಪ್ಲಾಸ್ಟರ್ ಹಾಕಿದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಆಮೇಲೆ, “ನಿಮ್ಮ ಗಂಡಾ ಹೆಂಡತಿ ಜಗಳಕ್ಕ ನನ್ನ ಕೈ ಯಾಕ ಬೇಕಾಗಿತ್ತವ್ವಾ?” ಅಂದಳು. ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ.

ಮಾರನೆಯ ದಿನವೇ ನಾನು ಕಂಪನಿಗೆ ಬರೆದೆ. ವಹಿಯ ನಲವತ್ತೊಂದು ಪುಟಗಳ ಫೋಟೋ, ನಿನಗೆ ಕಳಿಸಿದ ಸಂದೇಶಗಳು, ನೀನು ‘ಛಲೋ ಅದ, ಕಳಸ್ತೇನಿ’ ಎಂದು ಬರೆದ ಉತ್ತರಗಳು, ಎಲ್ಲಕ್ಕೂ ತಾರೀಖು ಇತ್ತು. ಎರಡು ವಾರಕ್ಕೆ ಸಂಪದಾ ಎಂಬುವವರು ಬಂದರು. ನಿನ್ನ ಸಾಹೇಬರ ಮೇಲಿನವರು, ತವರು ಧಾರವಾಡವಂತೆ. ಬಿಸಿಲಲ್ಲಿ ಮೂರು ದಿನ ನನ್ನ ಜೊತೆ ಇಳಕಲ್, ಹುನಗುಂದ, ಬಾದಾಮಿ ತಿರುಗಿದರು. ಮರೆವ್ವನ ಪ್ಲಾಸ್ಟರ್ ಮುಟ್ಟಿ ನೋಡಿದರು. ಅವರು ವಾಪಸ್ಸು ಹೋದ ಹನ್ನೊಂದನೇ ದಿನಕ್ಕೆ ಒಟ್ಟು ಕೂಗುವುದು ನಿಂತಿತು. ಯಾರೂ ಭಾಷಣ ಮಾಡಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಒಂದು ಸಣ್ಣ ತಪ್ಪು ಕೂಡಿಸಿದ್ದರು, ಅದನ್ನು ಸದ್ದಿಲ್ಲದೆ ತೆಗೆದರು. ಮರೆವ್ವನ ಮುಂಗೈ ಮಾತ್ರ ಅಷ್ಟು ಬೇಗ ಕೂಡಲಿಲ್ಲ, ಈಗಲೂ ಎರಡು ಕಿಲೋ ಎತ್ತಿದರೆ ನಡುಗುತ್ತದೆ.

ನಿನ್ನನ್ನು ಆ ಕೆಲಸದಿಂದ ತೆಗೆದು ಡಬ್ಬಿ ಎಣಿಸುವ ಗೋದಾಮಿಗೆ ಹಾಕಿದ್ದಾರೆಂದು ಕೇಳಿದೆ. ಕೇಳಿದ ದಿನ ನಾನು ಅವ್ವನ ಕೈಲಿ ಹೋಳಿಗೆ ಮಾಡಿಸಿದೆ. ನಾಚಿಕೆಯಿಲ್ಲದೆ ಬರೆಯುತ್ತಿದ್ದೇನೆ, ಹೊಟ್ಟೆ ತಣ್ಣಗಾಯಿತು. ನನಗೆ ಕಂಪನಿಯಲ್ಲಿ ಕೆಲಸ ಸಿಕ್ಕಿರಬಹುದೆಂದು ನೀನು ಉರಿಯುತ್ತಿದ್ದರೆ, ಇಲ್ಲ. ಸಂಪದಾ ಹೊರಡುವ ದಿನ ಬಾಗಲಕೋಟೆಯ ಸ್ಟೇಷನ್ನಿನಲ್ಲಿ ಕೇಳಿದರು: “ಆ ಕಡೀ ಸಲಹಾ ತಿಳೀಲಾರದ ಕೊಟ್ರೋ, ತಿಳದ ಕೊಟ್ರೋ?” ತಿಳಿದೇ ಕೊಟ್ಟೆ ಅಂದೆ. ಸುಳ್ಳು ಹೇಳಬಹುದಿತ್ತು, ಮರೆವ್ವನಿಗೆ ಒಂದು, ಇವರಿಗೆ ಇನ್ನೊಂದು ಹೇಳಲು ಬಾಯಿ ಬರಲಿಲ್ಲ. ಅವರು ರೈಲಿನ ಕಡೆ ನೋಡುತ್ತ, “ಹಂಗಾದ್ರ ನಿಮ್ಮನ್ನ ತಗೊಳ್ಳಿಕ್ಕೆ ಆಗಂಗಿಲ್ಲ. ಖರೆ ಹೇಳಿದ್ರಿ, ಅದಕ್ಕ ಭಾಳ ಕೆಟ್ಟ ಅನಸ್ತದ” ಅಂದರು. ನಿನ್ನನ್ನು ಕೆಳಗಿಳಿಸಲು ನಾನೂ ಇಳಿಯಬೇಕಾಯಿತು. ಇಳಿದೆ. ಮತ್ತೊಮ್ಮೆ ಸಂದರ್ಭ ಬಂದರೆ ಮರೆವ್ವನ ಕೈ ಉಳಿಸುವ ದಾರಿ ಹುಡುಕುತ್ತೇನೆ. ನಿನ್ನನ್ನು ಉಳಿಸುವ ದಾರಿ ಹುಡುಕುವುದಿಲ್ಲ.

ಈಗ ದಿನಾ ಬೆಳಿಗ್ಗೆ ಹತ್ತರತನಕ ಮರೆವ್ವನ ಗಾಡಿಯಲ್ಲಿ ಹಣ್ಣು ತೂಗುತ್ತೇನೆ, ಆಮೇಲೆ ಅಂಗಡಿ. ಅವಳ ಗಂಡ ಜಾಮೀನಿನ ಮೇಲೆ ಹೊರಗಿದ್ದಾನೆ, ಗಾಡಿಯ ಹತ್ತಿರ ಸುಳಿಯುವುದಿಲ್ಲ. ಮಗಳು ಬಾಗಲಕೋಟೆಯ ಹಾಸ್ಟೆಲ್ ಸೇರಿದಳು. ಮೊನ್ನೆ ಕಂಪನಿಯಿಂದ ಹೊಸ ಡಬ್ಬಿ ಬಂತು. ಗುಂಡಿಯ ಮೇಲೆ ಒಂದು ಉಬ್ಬಿದ ಚುಕ್ಕೆ ಇಟ್ಟಿದ್ದಾರೆ, ನೋಡದೆಯೇ ಬೆರಳಿಗೆ ಸಿಗುತ್ತದೆ. ಒಳ್ಳೆಯ ಕೆಲಸ. ಅದು ನಾನು ಹೇಳಿದ್ದಲ್ಲ, ನೀನು ಕಳಿಸಿದ್ದೂ ಅಲ್ಲ. ಎಲ್ಲೋ ಯಾವುದೋ ಊರಿನಲ್ಲಿ ಇನ್ಯಾರೋ ನಿಂತು ನೋಡಿರಬೇಕು. ನೀನಿಲ್ಲದೆ ಆ ಕಂಪನಿಯ ಕೆಲಸ ಒಂದು ದಿನವೂ ನಿಂತಿಲ್ಲ, ದೀಪಕ. ಗೋದಾಮಿನಲ್ಲಿ ಡಬ್ಬಿ ಎಣಿಸುವಾಗ ಆ ಚುಕ್ಕೆ ಕೈಗೆ ಸಿಕ್ಕೀತು, ಮುಟ್ಟಿ ನೋಡು.

ನಿನ್ನ ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸು, ಅವರ ಮೇಲೆ ನನಗೆ ಸಿಟ್ಟಿಲ್ಲ. ನಿನಗೆ ಆಯುಷ್ಯ ಹೆಚ್ಚಲಿ. ನೆನಪೂ ಅಷ್ಟೇ ದಿನ ಇರಲಿ.

ಅನುರಾಧಾ

ತಾ.ಕ.: ಲಕೋಟೆ ಅಂಟಿಸುವ ಅವಸರದಲ್ಲಿ ಮುಖ್ಯವಾದದ್ದೇ ಮರೆತೆ. ಇಬ್ಬರೂ ಒಪ್ಪಿ ಬೇರೆಯಾಗುವ ಅರ್ಜಿ ಎಂದು ನಿನ್ನ ವಕೀಲರು ಕಳಿಸಿದ ಕಾಗದ ಇದರ ಜೊತೆಗಿದೆ, ಸಹಿ ಮಾಡಿದ್ದೇನೆ. ಮೂರನೇ ಪುಟದಲ್ಲಿ ‘ಹೆಂಡತಿಯು ಗಂಡನ ಬುದ್ಧಿಮಟ್ಟಕ್ಕೆ ಏರಲು ಅಸಮರ್ಥಳಾಗಿದ್ದು’ ಎಂಬ ಸಾಲನ್ನು ಹೊಡೆದು ಹಾಕಿದ್ದೇನೆ. ಹೊಡೆದ ಕಡೆ ನಿನ್ನದೂ ಸಣ್ಣ ಸಹಿ ಬೇಕಂತೆ, ನಮ್ಮ ವಕೀಲರು ಬಸಯ್ಯ ಹೇಳಿದರು. ಇಪ್ಪತ್ತಾರಕ್ಕೆ, ಬುಧವಾರ, ಹುನಗುಂದದ ಕೋರ್ಟಿಗೆ ಬಾ. ಸಹಿ ಮಾಡದಿದ್ದರೆ ಅರ್ಜಿ ಅಲ್ಲೇ ಬಿತ್ತು, ನಲವತ್ತೊಂದು ಪುಟವನ್ನೂ ಜಡ್ಜರೆದುರು ಓದಿಸುತ್ತೇನೆ. ಬರುವಾಗ ಪೆನ್ನು ತಗೊಂಡು ಬಾ, ನನ್ನದು ಕೊಡುವುದಿಲ್ಲ.