ತಂಪುಮೂಲೆಯಲ್ಲಿ ಮೂರು ಆಮೆಮರಿ

ಚಳ್ಳಕೆರೆ ಸೀಮೆ
ಮೇ ನಲವತ್ತಮೂರು, 2187

ನೂರಾ ಅರವತ್ತು ವರ್ಷ ಹಿಂದೆ ಇರುವ ಪ್ರಿಯರೇ,

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಮೊದಲ ಮಳೆ ಬೀಳುವ ತನಕ ಜೂನ್ ಶುರುವಾಗುವಂತಿಲ್ಲ, ಮೇ ತಿಂಗಳನ್ನೇ ಎಳೆಯುತ್ತ ಹೋಗುತ್ತೇವೆ. ಹೋದ ವರ್ಷ ಮೇ ಅರವತ್ತೆಂಟರವರೆಗೆ ಎಳೆದಿದ್ದೆವು. ನನ್ನ ಮಾತು ಅಲ್ಲಲ್ಲಿ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಅದಕ್ಕೆ ಈಗಲೇ ಕ್ಷಮೆ ಕೇಳಿಬಿಡುತ್ತೇನೆ. ತಪ್ಪು ಅರ್ಧ ಕಾಲದ್ದು, ಅರ್ಧ ನನ್ನದು, ಯಾಕೆಂದರೆ ನಾನು ಓದಿದ್ದು ಇಂಗ್ಲಿಷ್ ಮೀಡಿಯಂ. ಹೌದು, ಅದು ಈಗಲೂ ಇದೆ! ಈ ಪತ್ರ ನಿಮಗೆ ಹೇಗೆ ತಲುಪುತ್ತದೆ ಎಂದು ಮಾತ್ರ ಕೇಳಬೇಡಿ. ನಮ್ಮ ಅಂಚೆಯವರಿಗೇ ಅದು ಸರಿಯಾಗಿ ಗೊತ್ತಿದ್ದಂತಿಲ್ಲ.

ನನ್ನ ಹೆಸರು ಸೋನೆ. ನಮ್ಮ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಮಳೆಯ ಹೆಸರಿಡುವುದು ವಾಡಿಕೆ, ನನ್ನ ಕ್ಲಾಸಿನಲ್ಲೇ ನಾಲ್ವರು ಸೋನೆಯರಿದ್ದೆವು. ನನಗೆ ಮದುವೆಯಾಗಿ ಇಂದಿಗೆ ಇಪ್ಪತ್ತಾರು ದಿನ! ಗಂಡನ ಹೆಸರು ತಿಪ್ಪೇಶ. ಅವನ ಬಗ್ಗೆ ಬರೆಯಲು ಕುಳಿತರೆ ಈ ಕಾಗದ ಸಾಲದು, ಆದ್ದರಿಂದ ಒಂದೇ ಮಾತು ಹೇಳಿ ಮುಂದೆ ಹೋಗುತ್ತೇನೆ: ಅವನು ನಿದ್ದೆಯಲ್ಲೂ ನಗುತ್ತಾನೆ. ಮನೆಯಲ್ಲಿ ನಾವಿಬ್ಬರು, ಜೊತೆಗೆ ಅವನ ಅಜ್ಜಿ ಮಾರಕ್ಕ. ನಮ್ಮದು ಇಳಿಮನೆ, ಅಂದರೆ ನೆಲದೊಳಗೆ ಹನ್ನೊಂದು ಮೆಟ್ಟಿಲು ಇಳಿದು ಸೇರುವ ಮನೆ. ಇಲ್ಲಿ ಎಲ್ಲರದೂ ಹಾಗೇ. ಬೆಳಿಗ್ಗೆ ಎಂಟಕ್ಕೆಲ್ಲ ಹೊರಗಿನ ಕೆಲಸ ಮುಗಿಸಿ ಒಳಗಿಳಿದರೆ ಮತ್ತೆ ಮೇಲೆ ಹತ್ತುವುದು ಸಂಜೆಗೇ. ಪ್ರತಿ ಇಳಿಮನೆಯಲ್ಲೂ ಉತ್ತರಕ್ಕೆ ಒಂದು ತಂಪುಮೂಲೆ ಇರುತ್ತದೆ. ನೀರಿನ ಹರವಿಗಳನ್ನು ಸಾಲಾಗಿ ಇಟ್ಟು, ನೆಲಕ್ಕೆ ಒದ್ದೆ ಮರಳು ಹಾಸಿದ ಜಾಗ ಅದು. ಮನೆಗೆ ಯಾರೇ ಬರಲಿ, ಮೊದಲು ಅವರನ್ನು ಅಲ್ಲಿ ಕೂರಿಸಬೇಕು. ಊಟ ಸ್ವಲ್ಪ ತಡವಾದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ತಂಪುಮೂಲೆ ತೋರಿಸದಿದ್ದರೆ ಮಾತ್ರ ನೆಂಟಸ್ತಿಕೆಯೇ ಮುರಿದುಹೋಗುತ್ತದೆ.

ಈಗ ಮಡಿಲಾಮೆಯ ವಿಷಯ. ನಿಮ್ಮಲ್ಲಿ ಮದುಮಗಳಿಗೆ ಮಡಿಲಕ್ಕಿ ತುಂಬುತ್ತಿದ್ದರಲ್ಲ, ನಮ್ಮಲ್ಲಿ ಮದುವೆಯಾದ ಆರನೇ ದಿನ ಅಕ್ಕಿಯ ಜೊತೆ ನಕ್ಷತ್ರ ಆಮೆಯ ಮೂರು ಮರಿಗಳನ್ನೂ ಸೆರಗಿನಲ್ಲಿ ಇಡುತ್ತಾರೆ. ನಮ್ಮ ಕಾವಲಿನ ಹುಲ್ಲುಗಾಡಿನಲ್ಲಿ ಈಗ ಉಳಿದಿರುವ ಆಮೆಗಳು ಇನ್ನೂರ ಏಳೇ. ಮೊಟ್ಟೆಯಿಂದ ಬಂದ ಮರಿ ನೆಲ್ಲಿಕಾಯಿಗಿಂತ ಸ್ವಲ್ಪ ದೊಡ್ಡದು, ಕಾಗೆಗೆ ಒಂದೇ ತುತ್ತು. ಅದಕ್ಕೇ ಹೊಸದಾಗಿ ಮದುವೆಯಾದವರು ಎರಡು ವರ್ಷ ಅವನ್ನು ಮನೆಯೊಳಗೆ ಸಾಕಿ, ಚಿಪ್ಪು ಅಂಗೈಯಗಲ ಆದ ಮೇಲೆ ಕಾವಲಿಗೆ ಬಿಡಬೇಕು. ಅಲ್ಲಿಯತನಕ ಅವು ಹೊಸ್ತಿಲು ದಾಟುವಂತಿಲ್ಲ. ಅವಕ್ಕೆ ಹೆಸರನ್ನೂ ಇಡುವಂತಿಲ್ಲ, ಯಾಕೆಂದರೆ ಹೆಸರಿಟ್ಟವರು ಬಿಡುವ ದಿನ ಗೋಳಾಡುತ್ತಾರೆ. ನಾನು ಮೊದಲ ದಿನವೇ ಕಡಲೆ, ಮೆಂತ್ಯ, ಸಾಸಿವೆ ಎಂದು ಕರೆದುಬಿಟ್ಟೆ. ಎಲ್ಲಕ್ಕಿಂತ ಚಿಕ್ಕದು ಸಾಸಿವೆ.

ಮರಿಗಳು ಬರುವ ಮೊದಲು ಅವುಗಳ ಮನೆಯನ್ನು ಗಂಡಹೆಂಡಿರು ತಮ್ಮ ಕೈಯಾರೆ ಕಟ್ಟಬೇಕು. ಮದುವೆಯಾದ ಮೊದಲ ಐದು ದಿನ ಅದಕ್ಕೇ ಮೀಸಲು. ನೀವು ಹನಿಮೂನಿಗೆ ಬೆಟ್ಟ, ಸಮುದ್ರ ಅಂತ ಹೋಗುತ್ತಿದ್ದಿರಂತೆ, ನಮಗೆ ಸಿಕ್ಕಿದ್ದು ಗರಗಸ, ಮೊಳೆ ಮತ್ತು ಒಂದು ರಾಶಿ ಮಣ್ಣು. ನಾನಂತೂ ಅಷ್ಟು ಸುಖವಾಗಿ ಯಾವತ್ತೂ ಇರಲಿಲ್ಲ! ಗಾಜಿನ ಪೆಟ್ಟಿಗೆ ಮಾಡೋಣ, ಹೊರಗಿಂದ ನೋಡುತ್ತ ಕೂರಬಹುದು ಎಂಬ ಆಸೆ ನನ್ನದು. ಆದರೆ ಗಾಜು ಆಮೆಗೆ ಅರ್ಥವಾಗುವುದಿಲ್ಲವಂತೆ, ದಾರಿ ಇದೆ ಎಂದುಕೊಂಡು ಇಡೀ ದಿನ ಅದಕ್ಕೆ ಮೂತಿ ಉಜ್ಜುತ್ತದಂತೆ. ಹಾಗಾಗಿ ಹಳೇ ಬಾಗಿಲಿನ ಹಲಗೆ ಕೊಯ್ದು, ಮಂಚದಷ್ಟು ಉದ್ದ, ತೋಳಗಲ, ಒಂದೂವರೆ ಗೇಣು ಎತ್ತರದ ಪೆಟ್ಟಿಗೆ ಮಾಡಿದೆವು. ಕೆಂಪುಮಣ್ಣಿಗೆ ತರಗೆಲೆ ಗೊಬ್ಬರ, ತೆಂಗಿನ ನಾರಿನ ಪುಡಿ ಕಲಸಿ, ಮರಿಗಳು ಹೂತುಕೊಳ್ಳುವಷ್ಟು ಆಳಕ್ಕೆ ತುಂಬಿದೆವು. ಒಂದು ತುದಿಯಲ್ಲಿ ಮಣ್ಣು ಸದಾ ಹಸಿಯಾಗಿರಬೇಕು. ಅಲ್ಲಿ ಒಡೆದ ಮಡಕೆಯ ಹೋಳು ಬೋರಲು ಹಾಕಿದ್ದು ಅವುಗಳ ಮಲಗುವ ಕೋಣೆ. ನೀರಿಗೆ ಮಣ್ಣಿನ ತಟ್ಟೆ, ಮರಿಯ ಗದ್ದ ಮುಳುಗದಷ್ಟೇ ನೀರು. ಊಟಕ್ಕೆ ಗರಿಕೆ, ಕೊಮ್ಮೆ ಸೊಪ್ಪು, ದಾಸವಾಳದ ಎಸಳು, ಮೇಲೆ ಚಿಟಿಕೆ ಮೊಟ್ಟೆಚಿಪ್ಪಿನ ಪುಡಿ. ಪೆಟ್ಟಿಗೆ ಎಳೆದಾಡಲು ಅನುಕೂಲವಾಗಲಿ ಎಂದು ತಿಪ್ಪೇಶ ಕೆಳಗೆ ನಾಲ್ಕು ಗಾಲಿಯನ್ನೂ ಹಾಕಿದ.

ಇಷ್ಟೆಲ್ಲ ಸರಿಯಾಗಿ ಮಾಡಿ, ಒಂದು ತಪ್ಪು ಮಾಡಿದೆವು.

ಮರಿಗಳನ್ನು ಹಂಚುವ ರುಬೀನಕ್ಕ ನಮಗೆ ಒಂದು ಬಿಸಿಲುದೀಪವನ್ನೂ ಕೊಟ್ಟಿದ್ದರು. ಸೂರ್ಯನ ಕಾವು, ಸೂರ್ಯನ ಸತ್ವ ಎರಡೂ ಇರುವ ಬಲ್ಬು ಅದು. ಅದನ್ನು ಪೆಟ್ಟಿಗೆಯ ಒಂದು ತುದಿಯ ಮೇಲೆ ಮೊಳ ಎತ್ತರದಲ್ಲಿ ತೂಗುಹಾಕಬೇಕಿತ್ತು. ಹಚ್ಚಿ ನೋಡಿದೆವು. ಐದೇ ನಿಮಿಷಕ್ಕೆ ಅಜ್ಜಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಬಂದರು.

"ಏನ್ ತಾಯಿ, ಮನೆ ಒಳಗೆ ಬಿಸ್ಲು ಹಚ್ತಾರೇನೆ? ನೆಂಟ್ರು ಬಂದ್ರೆ ಒಲೆ ಮ್ಯಾಲೆ ಕೂರಿಸ್ತೀಯಾ?"

ನನಗೂ ಹೌದೆನಿಸಿತು. ಇಷ್ಟು ಪುಟ್ಟ ಜೀವಗಳು, ನಮ್ಮನ್ನು ನಂಬಿ ಬಂದ ಅತಿಥಿಗಳು! ದೀಪ ಬಿಚ್ಚಿ ಮಂಚದ ಕೆಳಗಿಟ್ಟು, ಪೆಟ್ಟಿಗೆಯನ್ನು ತಳ್ಳಿಕೊಂಡು ಹೋಗಿ ತಂಪುಮೂಲೆಯಲ್ಲಿ ನಿಲ್ಲಿಸಿದೆ. ಅಜ್ಜಿ ಕೂರುವ ಜಾಗವನ್ನೇ ಕೊಟ್ಟೆವು. ಮನೆಯಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ.

ಮೊದಲು ಓಡಾಟ ಕಡಿಮೆಯಾಯಿತು. ಎಷ್ಟು ಗಂಭೀರ, ನಿನ್ನ ಹಾಗಲ್ಲ ಎಂದು ತಿಪ್ಪೇಶ ನನ್ನನ್ನು ಛೇಡಿಸಿದ. ಮರಿಗಳು ಬಂದ ಏಳನೇ ದಿನ ಮೂರೂ ಸೊಪ್ಪು ಮುಟ್ಟಲಿಲ್ಲ. ಒಂಬತ್ತನೇ ದಿನ ಸಾಸಿವೆ ಕಣ್ಣು ಬಿಡಲಿಲ್ಲ. ಕೈಗೆತ್ತಿಕೊಂಡರೆ ತಲೆ ಜೋತುಬಿತ್ತು, ಹರವಿಯ ತಳದ ಕಲ್ಲಿನಷ್ಟು ತಣ್ಣಗಿತ್ತು. ನಾನು ಸೆರಗಿನಲ್ಲಿ ಸುತ್ತಿಕೊಂಡು ನಿಂತಲ್ಲೇ ಅತ್ತೆ. ತಿಪ್ಪೇಶ ಮೆಟ್ಟಿಲು ಹತ್ತಿ ಓಡಿ ರುಬೀನಕ್ಕನನ್ನು ಕರೆತಂದ.

ಅವರು ಪೆಟ್ಟಿಗೆ ನಿಂತಿದ್ದ ಜಾಗ ನೋಡಿಯೇ ಹಣೆ ಚಚ್ಚಿಕೊಂಡರು. "ಯಾ ಅಲ್ಲಾ! ಅದು ಆಮೆ ಕಣಮ್ಮಾ, ನಿಮ್ಮ ಬೀಗರಲ್ಲ! ನಮ್ಮ ಹೊಟ್ಟೇಲಿ ನಮ್ಮದೇ ಒಲೆ ಇದೆ. ಅದರ ಒಲೆ ಇರೋದು ಆಕಾಶದಲ್ಲಿ. ಮೈ ಬೆಚ್ಚಗಾಗದೆ ತಿಂದದ್ದು ಅರಗಲ್ಲ, ಚಿಪ್ಪು ಗಟ್ಟಿಯಾಗಲ್ಲ. ದೀಪ ಎಲ್ಲಿ?"

ಮಂಚದ ಕೆಳಗಿಂದ ತೆಗೆದರೆ ಟ್ರಂಕು ತಗುಲಿ ಬಲ್ಬು ಚೂರಾಗಿತ್ತು. ಹೊಸದು ಬರಲು ಇಪ್ಪತ್ತು ದಿನ. ಸಾಸಿವೆಗೆ ಅಷ್ಟು ದಿನ ಇಲ್ಲ ಎಂದು ಅವರು ಹೇಳಲಿಲ್ಲ, ಆದರೆ ಅದನ್ನು ಉಗುರುಬೆಚ್ಚನೆ ನೀರಿನಲ್ಲಿ ಕೂರಿಸುತ್ತಿದ್ದಾಗ ಅವರ ಮುಖ ನೋಡಿ ನನಗೆ ತಿಳಿಯಿತು. ಬೇಕಾದದ್ದು ನಿಜವಾದ ಬಿಸಿಲು. ಅರ್ಧ ಪೆಟ್ಟಿಗೆಗೆ ಬಿಸಿಲು, ಇನ್ನರ್ಧಕ್ಕೆ ನೆರಳು. ಗಾಜಿನ ಮೂಲಕ ಬಂದರೆ ಆಗದು, ಗಾಜು ಬೆಳಕನ್ನು ಬಿಟ್ಟು ಸತ್ವವನ್ನು ತಡೆಯುತ್ತದೆ. ರುಬೀನಕ್ಕ ಚಾವಣಿ ನೋಡಿದರು. ನಡುಮನೆಯ ಮೇಲೆ, ಪೂರ್ವಕ್ಕೆ ಓರೆಯಾಗಿ, ಮಣ್ಣು ಮೆತ್ತಿ ಮುಚ್ಚಿದ ಒಂದು ಬೆಳಕಿಂಡಿ ಇತ್ತು.

"ಅದು ಬ್ಯಾಡ," ಎಂದರು ಅಜ್ಜಿ.

"ಅಜ್ಜೀ, ಬೆಳಿಗ್ಗೆ ಸ್ವಲ್ಪ ಹೊತ್ತು ಅಷ್ಟೇ, ಪ್ಲೀಸ್..."

"ಅದರ ಕೆಳಗೆ ನನ್ನ ಮಗಳ ತೊಟ್ಟಿಲಿತ್ತು," ಎಂದು ಹೇಳಿ ಅವರು ಎದ್ದು ಒಳಗೆ ಹೋದರು.

ತಿಪ್ಪೇಶನಿಗೂ ಅದು ಗೊತ್ತಿರಲಿಲ್ಲ. ಅವನ ಅಪ್ಪನಿಗಿಂತ ಮೊದಲು ಒಂದು ಹೆಣ್ಣುಕೂಸು ಹುಟ್ಟಿತ್ತು, ನಾವು ದೊಡ್ಡ ಉರಿ ಎಂದು ಕರೆಯುವ ಬೇಸಿಗೆಯಲ್ಲಿ ಹೋಗಿತ್ತು. ಇಷ್ಟನ್ನು ರುಬೀನಕ್ಕ ಹೊಸ್ತಿಲಲ್ಲಿ ತಗ್ಗಿದ ದನಿಯಲ್ಲಿ ಹೇಳಿ ಹೋದರು. ಆಮೇಲೆ ನಾನು ಬೆಳಕಿಂಡಿಯ ಮಾತನ್ನೇ ಎತ್ತಲಿಲ್ಲ. ಸಾಸಿವೆಯನ್ನು ಅಂಗೈಯಲ್ಲಿಟ್ಟುಕೊಂಡು ನನ್ನ ಮೈಕಾವನ್ನೇ ಕೊಡುತ್ತ ಕುಳಿತೆ.

ಮರುದಿನ ಎದ್ದಾಗ ಅಜ್ಜಿ ಸ್ಟೂಲಿನ ಮೇಲೆ ನಿಂತು ಕುಡುಗೋಲಿನ ತುದಿಯಿಂದ ಬೆಳಕಿಂಡಿಯ ಮಣ್ಣು ಕೆರೆಯುತ್ತಿದ್ದರು. ತಲೆ ತುಂಬ ಧೂಳು. ತಿಪ್ಪೇಶ ಸ್ಟೂಲು ಹಿಡಿಯಲು ಹೋದರೆ, "ನನ್ನನ್ನ ಹಿಡೀಬ್ಯಾಡ, ಪೆಟ್ಟಿಗೆ ತಳ್ಳು ಹೋಗು. ಕಟ್ಟಿಕೊಂಡೋಳ ಮುಖ ನೋಡ್ತಾ ನಿಂತ್ರೆ ಬಿಸ್ಲು ಕಾಯ್ತದಾ?" ಎಂದು ಗದರಿಸಿದರು.

ಆರೂವರೆಗೆ ಬಿಸಿಲು ಇಳಿಯಿತು. ಹಂಚಿನಷ್ಟೇ ಅಗಲದ ಒಂದು ಚೌಕ. ಪೆಟ್ಟಿಗೆಯ ಒಂದು ತುದಿಯನ್ನು ಅದರ ಕೆಳಗೆ ತಂದೆವು. ಅಜ್ಜಿ ಪಕ್ಕದಲ್ಲಿ ಕೂತು ತಮ್ಮ ಅಂಗೈಯನ್ನು ಮರಿಗಳ ಬೆನ್ನ ಮೇಲೆ, ಬಿಸಿಲಿನಲ್ಲಿ, ಚಾಚಿ ಹಿಡಿದರು. ಅಲ್ಲಾಡಿಸದೆ ಹಿಡಿದೇ ಇದ್ದರು. ಅಂಗೈ ಚುರ್ ಎಂದಾಗ, "ಸಾಕು, ಮುಚ್ಚು," ಎಂದರು. ಆಗ ಏಳೂ ಮುಕ್ಕಾಲು. ಅಲ್ಲಿಂದ ದಿನವೂ ಹಾಗೇ. ಮನೆಯಲ್ಲಿ ಥರ್ಮಾಮೀಟರ್ ಇದೆ, ಆದರೆ ಅದನ್ನು ಕೇಳುವವರಿಲ್ಲ.

ಎರಡನೇ ದಿನ ಕಡಲೆ ಮತ್ತು ಮೆಂತ್ಯ ಎಡವಿಕೊಂಡು ಓಡಾಡಿದವು. ಮೂರನೇ ದಿನ ಕೊಮ್ಮೆ ಸೊಪ್ಪಿಗೆ ಜಗಳವಾಡಿದವು. ಸಾಸಿವೆ ಮಾತ್ರ ಇಟ್ಟಲ್ಲೇ ಇತ್ತು. ನಾಲ್ಕನೇ ಬೆಳಿಗ್ಗೆ ಅಜ್ಜಿ ದಾಸವಾಳದ ಎಸಳನ್ನು ಉಗುರಗಲ ಹರಿದು ಅದರ ಮೂತಿಯ ಮುಂದೆ ಹಿಡಿದು ಕೂತಿದ್ದರು. ಒಂದು ಕಣ್ಣು ತೆರೆಯಿತು. ಬಹಳ ಹೊತ್ತಾದ ಮೇಲೆ ಇನ್ನೊಂದು. ಆಮೇಲೆ ಬಾಯಿ ತೆರೆದು, ಗುರಿ ತಪ್ಪಿ, ಅಜ್ಜಿಯ ಬೆರಳನ್ನೇ ಕಚ್ಚಿತು!

"ಅಯ್ಯ ನಿನ್ನ! ಅನ್ನ ಹಾಕೋ ಕೈನೇ ತಿಂತೀಯಾ, ಬಾರೇ ನನ್ನ ಸಾಸಿವೆ," ಎಂದರು ಅಜ್ಜಿ. ಮಡಿಲಾಮೆಗೆ ಹೆಸರಿಡಬಾರದೆಂದು ನನಗೆ ಮೂರು ಸಲ ಬೈದವರು ಅವರೇ. ಎರಡನೇ ಸಲ ಸಾಸಿವೆಗೆ ಎಸಳು ಸಿಕ್ಕಿತು. ತಿಪ್ಪೇಶ ನನ್ನನ್ನು ಎತ್ತಿ ತಿರುಗಿಸಿದ, ಅಜ್ಜಿಯ ಮುಂದೆಯೇ! ಅವರು ನೋಡಿಯೂ ನೋಡದವರಂತೆ ಸೆರಗಿನಿಂದ ಮುಖ ಒರೆಸಿಕೊಂಡರು.

ಇದಾಗಿ ಒಂದು ವಾರ. ಇಂದು ಸಾಸಿವೆ ತೂಕದಲ್ಲಿ ಮೆಂತ್ಯಕ್ಕಿಂತ ಇನ್ನೂ ಕಡಿಮೆ, ರುಬೀನಕ್ಕ ಪೂರ್ತಿ ಧೈರ್ಯ ಹೇಳಿಲ್ಲ. ಆದರೆ ತಿನ್ನುತ್ತಿದೆ.

ನಾನು ನಿಮಗೆ ಬರೆಯಲು ಕುಳಿತದ್ದು ಒಂದು ಕೋರಿಕೆಗಾಗಿ. ನಿಮ್ಮ ಕಾಲದಲ್ಲಿ ಕುರುಚಲು ಕಾಡಿನಿಂದ ನಕ್ಷತ್ರ ಆಮೆ ಎತ್ತಿಕೊಂಡು ಬಂದು, ಅದೃಷ್ಟ ಎಂದೋ ಮುದ್ದು ಎಂದೋ ಮನೆಯಲ್ಲಿ ಇಟ್ಟುಕೊಳ್ಳುವವರು ಇದ್ದರೆಂದು ಓದಿದ್ದೇನೆ. ಕೆಟ್ಟವರು ಎಂದು ನಾನು ಹೇಳಲಾರೆ. ಬಹುಶಃ ನನ್ನ ಹಾಗೆ ತುಂಬ ಪ್ರೀತಿ ಉಕ್ಕಿದವರು. ಆದರೆ ದಯವಿಟ್ಟು ಕೇಳಿ. ಐದು ದಿನ ಇಬ್ಬರು ದುಡಿದು ನಾವು ಆ ಪೆಟ್ಟಿಗೆಯಲ್ಲಿ ಮಾಡಲು ಹೊರಟದ್ದು ಏನನ್ನು? ಒಂದಿಷ್ಟು ಕೆಂಪುಮಣ್ಣು, ಪೊದೆಯಡಿಯ ತೇವ, ಎಳೆಬಿಸಿಲು, ಅದರ ಪಕ್ಕದಲ್ಲೇ ನೆರಳು. ಅಷ್ಟನ್ನೂ ಮಾಡಿ, ಕೊನೆಗೆ ಪ್ರೀತಿಯಿಂದಲೇ ಒಂದು ಜೀವವನ್ನು ಕಳೆದುಕೊಳ್ಳುವುದರಲ್ಲಿದ್ದೆವು. ನಿಮ್ಮ ಕಾವಲಿನಲ್ಲಿ ಅದೆಲ್ಲ ಯಾರೂ ಕಟ್ಟದೆ ಹಾಗೇ ಬಿದ್ದಿದೆ. ಆಮೆ ಕಂಡರೆ ಕುಕ್ಕರಗಾಲಲ್ಲಿ ಕೂತು ಆಸೆ ತೀರುವಷ್ಟು ನೋಡಿ. ಮುಟ್ಟಬೇಡಿ. ಅದು ಪೊದೆಯೊಳಗೆ ಹೋಗುವ ತನಕ ಕಾದು, ಬರಿಗೈಯಲ್ಲಿ ಮನೆಗೆ ಹೋಗಿ. ನೀವು ಹಾಗೆ ಬಿಟ್ಟ ಒಂದೊಂದೂ ನಮ್ಮ ಇನ್ನೂರ ಏಳಕ್ಕೆ ಸೇರುತ್ತದೆ.

ಇನ್ನೂ ಬರೆಯುತ್ತಿದ್ದೆ, ಆದರೆ ಬಿಸಿಲಿನ ಚೌಕ ಒಂದು ಗೇಣು ಆಚೆ ಸರಿದಿದೆ. ಅಜ್ಜಿ ಕರೆಯುತ್ತಿದ್ದಾರೆ, ತಿಪ್ಪೇಶ ಆಗಲೇ ಪೆಟ್ಟಿಗೆಯ ಆ ತುದಿ ಹಿಡಿದು ನನಗಾಗಿ ಕಾಯುತ್ತಿದ್ದಾನೆ. ಬರುತ್ತೇನೆ.

ನಿಮ್ಮವಳು,
ಸೋನೆ